ನಿನ್ನ ಮೋತಿಯ ಬಗ್ಗೆ, ಗೆಳೆಯಾ

ಕಲಬುರಗಿ

ಪ್ರೀತಿಯ ಗೆಳೆಯಾ,

11 ವರ್ಷದ ನಿನ್ನ ನಾಯಿ ಮೋತಿ ಹಿಂಗಾಲುಗಳನ್ನು ಮುಂದಕ್ಕೆ ಚಾಚಿ ಅಂಗಳದ ಫರ್ಸಿಯ ಮೇಲೆ ಕುಂಡಿ ಎಳೆಯುತ್ತ ಸಾಗುತ್ತದೆ, ಜಂತಿನ ಮಾತ್ರೆ ಹಾಕಿದರೂ ನಿಂತಿಲ್ಲ ಎಂದು ನೀನು ಯಾದಗಿರಿಯಿಂದ ಬರೆದದ್ದನ್ನು ಓದಿ ನಮ್ಮ ನಾಯಿ ರಾಜಾನ ನೆನಪಾಯಿತು. ನಾನೂ ಎರಡು ಸಲ ಜಂತಿನ ಔಷಧ ಕೊಟ್ಟು, ಬೇಸಿಗೆಯ ಉಷ್ಣವಿರಬೇಕೆಂದು ಮಜ್ಜಿಗೆ ಕುಡಿಸಿ, ಒಂದು ತಿಂಗಳು ಕಳೆದಿದ್ದೆ. ಅದು ಮಲಗುವ ಕೌದಿಯಿಂದ ಕೊಳೆತ ಮೀನಿನ ವಾಸನೆ ಬರತೊಡಗಿದಾಗ, ಮೀನನ್ನೇ ತಾರದ ಮನೆಯಲ್ಲಿ ಇದೆಲ್ಲಿಂದ ಬಂತೆಂದು ಬಚ್ಚಲ ಮೋರಿ ತೊಳೆಸಿದ ಜಾಣ ನಾನು.

ಆ ವಾಸನೆ ಗುದಚೀಲಗಳದ್ದು. ನಾಯಿಯ ಗುದದ್ವಾರವನ್ನು ಗಡಿಯಾರವೆಂದುಕೊಂಡರೆ 4 ಮತ್ತು 8 ಗಂಟೆಯ ಜಾಗದಲ್ಲಿ, ಚರ್ಮದ ಒಳಗೆ, ಎರಡು ಪುಟ್ಟ ಚೀಲಗಳಿರುತ್ತವೆ. ಗಟ್ಟಿಯಾದ ಮಲ ಹೊರಬರುವಾಗ ಅವುಗಳ ಮೇಲೆ ಒತ್ತಡ ಬಿದ್ದು ಒಳಗಿನ ದ್ರವ ಸಣ್ಣ ನಾಳದ ಮೂಲಕ ತಾನಾಗಿ ಖಾಲಿಯಾಗುತ್ತದೆ. ಮಲ ಸದಾ ತೆಳುವಾಗಿದ್ದರೆ, ಮೈ ಹೆಚ್ಚಾಗಿದ್ದರೆ, ವಯಸ್ಸಾಗಿ ಸ್ನಾಯುಗಳು ಸಡಿಲಾಗಿದ್ದರೆ ಅದು ಖಾಲಿಯಾಗದೆ ಮಂದವಾಗಿ, ನಾಳ ಕಟ್ಟಿ, ಕೀವಾಗಬಹುದು. ರಾಜಾನ ಬಾಲದ ಬಲಗಡೆ ಕೆಳಗೆ ಬೆಳಿಗ್ಗೆ ಬಾರಿಹಣ್ಣಿನಷ್ಟು ಕೆಂಪು ಬಾವು ಕಂಡಿತು. ಸಂಜೆಯೊಳಗೆ ಒಡೆದು ರಕ್ತ ಬೆರೆತ ಕೀವು ಸೋರಿತು.

ಮೊದಲು ಹೋದ ದವಾಖಾನೆಯಲ್ಲಿ ಬಾಲವನ್ನೂ ಎತ್ತಿ ನೋಡದೆ ಮುಲಾಮು ಬರೆದುಕೊಟ್ಟಿದ್ದರು. ಎರಡನೆಯ ವೈದ್ಯರು ಕೈಗವಸು ತೊಟ್ಟು ಬೆರಳನ್ನು ಒಳಗಿಟ್ಟು ಪರೀಕ್ಷಿಸಿ, ಚೀಲವನ್ನು ತೊಳೆದು, ಆಂಟಿಬಯೋಟಿಕ್ ಕೊಟ್ಟು, ದಿನಕ್ಕೆರಡು ಸಲ ಬೆಚ್ಚನೆಯ ಒದ್ದೆ ಬಟ್ಟೆಯ ಶಾಖ ಕೊಡಲು ಹೇಳಿದರು. ನೆಕ್ಕದಂತೆ ಕೊರಳಿಗೆ ಕಟ್ಟಿದ ಪ್ಲಾಸ್ಟಿಕ್ ಆಲಿಕೆಯಿಂದ ರಾಜಾ ಬಾಗಿಲಿಗೆಲ್ಲ ಗುದ್ದಿಕೊಂಡು ನನ್ನ ಮೇಲೆ ಸಿಟ್ಟು ಮಾಡಿತು.

ಆ ಬೆರಳಿನ ಪರೀಕ್ಷೆಯನ್ನು ನೀನು ಕೇಳಿ ಮಾಡಿಸಲೇಬೇಕು, ಏಕೆಂದರೆ ಮುದಿ ನಾಯಿಯಲ್ಲಿ ಗಡ್ಡೆಯೂ ಇದೇ ಜಾಗದಲ್ಲಿ ಅಡಗಿರಬಹುದು. ಬೀಜ ತೆಗೆಸದ ಗಂಡುನಾಯಿಗಳಿಗೆ ಗುದದ ಸುತ್ತ ಬರುವ ಗಡ್ಡೆ ಬಹುಪಾಲು ಸೌಮ್ಯವಾದದ್ದು, ಬೀಜ ತೆಗೆಸಿದರೆ ಸಾಮಾನ್ಯವಾಗಿ ಕುಗ್ಗುತ್ತದೆ. ಆದರೆ ಚೀಲದೊಳಗೇ ಹುಟ್ಟುವ ಕ್ಯಾನ್ಸರ್ ಕೆಲವೊಮ್ಮೆ ರಕ್ತದ ಕ್ಯಾಲ್ಸಿಯಂ ಏರಿಸುವುದರಿಂದ ನಾಯಿ ವಿಪರೀತ ನೀರು ಕುಡಿದು ಪದೇಪದೇ ಮೂತ್ರ ಮಾಡುತ್ತದೆ. ನಮ್ಮ ಭಾಗದ ಬಿಸಿಲಿನಲ್ಲಿ ಅದನ್ನು ಬಾಯಾರಿಕೆ ಎಂದು ತಳ್ಳಿಹಾಕುವುದು ಸುಲಭ. ಅಲ್ಲಿ ಅನುಮಾನ ಬಗೆಹರಿಯದಿದ್ದರೆ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ಯೋಣ, ನಾನೂ ಬರುತ್ತೇನೆ.

ಅಲ್ಲಿಯವರೆಗೆ ನೀನೇ ಹಿಂಡಲು ಹೋಗಬೇಡ. ಬಾತ ಚೀಲ ಒಳಗೇ ಒಡೆಯಬಹುದು. ಮನುಷ್ಯರ ನೋವಿನ ಮಾತ್ರೆಯನ್ನಂತೂ ಮುಟ್ಟಿಸಬೇಡ. ರಾಜಾನಿಗೆ ಹಾಲು ನಿಲ್ಲಿಸಿ, ಊಟದಲ್ಲಿ ಎರಡು ಚಮಚ ಬೇಯಿಸಿದ ಸಿಹಿಗುಂಬಳ ಬೆರೆಸಿದ ಮೇಲೆ ಮಲ ಗಟ್ಟಿಯಾಯಿತು, ಫರ್ಸಿಯ ಮೇಲಿನ ಎಳೆದಾಟವೂ ನಿಂತಿತು.

ಮೋತಿಯ ಬಾಲದ ಕೆಳಗೆ ಯಾವ ಬದಿ ಉಬ್ಬಿದೆ, ದಿನಕ್ಕೆ ಎಷ್ಟು ಬಟ್ಟಲು ನೀರು ಕುಡಿಯುತ್ತದೆ ಎಂಬುದನ್ನು ನಾಳೆಯೇ ನೋಡಿ ಬರೆ.

ನಿನ್ನ
ಗೆಳೆಯ