ಮಂದ ಬೆಳಕೂ ಬರಿದಾದ ಗೋಡೆಯೂ ಲೋಪವಲ್ಲ

ಮಾನ್ಯರೇ,

ಜಪಾನಿನ ಹಳೆಯ ಮನೆಗಳ ಬಗ್ಗೆ ಬರುವ ಪ್ರವಾಸ ಲೇಖನಗಳಲ್ಲಿ ಎರಡು ದೂರುಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ಕೋಣೆಯಲ್ಲಿ ಬೆಳಕು ಸಾಲದು. ಇನ್ನೊಂದು, ಹೆಸರಾದ ಚಿತ್ರ ಅಲ್ಲಿ ಇರಲೇ ಇಲ್ಲ. ಎರಡನ್ನೂ ಆ ಮನೆಯವರ ಅಸಡ್ಡೆ ಎಂದು ಬಗೆಯುವುದು ಅನ್ಯಾಯ. ಆ ಚಿತ್ರಗಳು ನೂರಾರು ವರ್ಷ ಬಾಳಿರುವುದೇ ಹೆಚ್ಚು ಕಾಲ ಕತ್ತಲಲ್ಲಿ ಇದ್ದುದರಿಂದ.

ತೂಗುಹಾಕುವ ಸುರುಳಿಚಿತ್ರ, ಅಂದರೆ ಕಾಕೆಜಿಕು, ವರ್ಷವಿಡೀ ಗೋಡೆಯ ಮೇಲಿರಲೆಂದು ಮಾಡಿದ್ದಲ್ಲ. ಋತುವಿಗೋ ಹಬ್ಬಕ್ಕೋ ಬರುವ ಅತಿಥಿಗೋ ತಕ್ಕ ಚಿತ್ರವನ್ನು ಆರಿಸಿ, ತೊಕೊನೊಮಾ ಎಂಬ, ಗೋಡೆಗೂಡಿನಂತೆ ಒಳಸರಿದ ಅಂಕಣದಲ್ಲಿ ಕೆಲವು ದಿನ ಇಲ್ಲವೇ ಕೆಲವು ವಾರ ತೂಗಿ, ಮತ್ತೆ ಸುತ್ತಿ ಕಿರಿ ಎಂಬ ಜಾತಿಯ ಮರದ ಪೆಟ್ಟಿಗೆಯಲ್ಲಿಡುತ್ತಾರೆ. ರಾಷ್ಟ್ರೀಯ ನಿಧಿ ಎಂದು ಗುರುತಿಸಿದ ಚಿತ್ರಗಳ ಪ್ರದರ್ಶನಕ್ಕೆ ಸರಕಾರದ ಮಾರ್ಗಸೂಚಿಯೇ ಸಾಮಾನ್ಯವಾಗಿ ವರ್ಷಕ್ಕೆ ಒಟ್ಟು 60 ದಿನಗಳ ಮಿತಿ ಹಾಕಿದೆ. ಬಣ್ಣ ಬೇಗ ಮಾಸುವಂಥವಕ್ಕೆ ಮಿತಿ ಇನ್ನೂ ಬಿಗಿ.

ಆದರೆ ಬೆಳಕಿಗಿಂತ ಬೇಗ ಕೆಡುಕು ಮಾಡುವುದು ಕೈ. ಬಿಚ್ಚುವ, ಸುತ್ತುವ ಆ ಐದು ನಿಮಿಷಗಳಲ್ಲೇ ಹೆಚ್ಚಿನ ಹಾನಿ. ಕಾರಣ ರಚನೆಯಲ್ಲೇ ಇದೆ. ರೇಷ್ಮೆ ಅಥವಾ ಕಾಗದದ ಚಿತ್ರಕ್ಕೆ ಬೆನ್ನಿಗೆ ಸಾಮಾನ್ಯವಾಗಿ ಮೂರು ಪದರ ಕೈಕಾಗದ ಇರುತ್ತದೆ: ಮೊದಲು ತೆಳುವಾದ ಮಿನೊ, ನಡುವೆ ಮಿಸು, ಕೊನೆಗೆ ಉದಾ ಎಂಬ ಕಾಗದ. ಅಂಟು ಗೋಧಿ ಪಿಷ್ಟದ್ದು. ಮೊದಲ ಪದರಕ್ಕೆ ಹೊಸ ಅಂಟು. ಉಳಿದವಕ್ಕೆ ಸುಮಾರು ಹತ್ತು ವರ್ಷ ಜಾಡಿಯಲ್ಲಿ ಹಳತಾಗಿ ಬಲ ಕಳೆದುಕೊಂಡ ಫುರುನೋರಿ. ಅಂಟು ದುರ್ಬಲವಾಗಿದ್ದರೇ ಸುರುಳಿ ಮೆತ್ತಗೆ ಬಾಗುವುದು, ಮುಂದೆ ದುರಸ್ತಿ ಮಾಡುವವರು ನೀರಿನ ತೇವದಿಂದಲೇ ಪದರ ಬಿಡಿಸಬಹುದು. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಿದರೆ ಆ ಜಾಗ ಬಾಗುವುದಿಲ್ಲ, ಅದರ ಅಂಚಿನಲ್ಲೇ ಹೊಸ ಸೀಳು ಬೀಳುತ್ತದೆ. ಬಿಳಿ ಬಣ್ಣ ಚಿಪ್ಪಿನ ಪುಡಿಯಾದ ಗೊಫುನ್. ಅದನ್ನು ಹಿಡಿದಿಡುವುದು ನಿಕಾವಾ ಎಂಬ ಪ್ರಾಣಿಜನ್ಯ ಅಂಟು. ದಪ್ಪಗೆ ಹಚ್ಚಿದ ಬಿಳಿ ಹೂದಳ ಪ್ರತಿ ಸುತ್ತಿಗೂ ಒಂದಿಷ್ಟು ಬಿರಿಯುತ್ತದೆ.

ತೂಗುವ ಕ್ರಮ ಹೀಗಿದೆ. ಉಂಗುರ, ಗಡಿಯಾರ ತೆಗೆದಿಟ್ಟು, ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಬೇಕು. ಬಟ್ಟೆಯ ಕೈಗವಸು ಇಲ್ಲಿ ಬೇಡ, ಕಾಗದದ ಅಂಚು ಬೆರಳಿಗೆ ತಿಳಿಯಬೇಕು. ಸುರುಳಿಯನ್ನು ತತಾಮಿ ಚಾಪೆಯ ಮೇಲಿಟ್ಟು ಕಟ್ಟುದಾರ ಬಿಚ್ಚಿ, ಅದರಡಿಯ ಚಿಕ್ಕ ಕಾಗದದ ಮಡಿಕೆಯನ್ನು ತೆಗೆದು ಪೆಟ್ಟಿಗೆಯಲ್ಲೇ ಇಡಬೇಕು. ದಾರದ ಗುರುತು ಬಟ್ಟೆಯ ಮೇಲೆ ಬೀಳದಂತೆ ತಡೆಯುವುದು ಅದೇ. ಒಂದಡಿಯಷ್ಟು ಮಾತ್ರ ಬಿಚ್ಚಿ, ಮೇಲಂಚಿನಿಂದ ಇಳಿಬೀಳುವ ಎರಡು ಫೂತೈ ಪಟ್ಟಿಗಳ ಮಡಿಕೆ ಬಿಡಿಸಬೇಕು. ಆಮೇಲೆ ಯಹಾಜು ಎಂಬ ಕವಲುಗೋಲಿನ ತುದಿಗೆ ತೂಗುದಾರದ ನಡುಭಾಗ ಸಿಕ್ಕಿಸಿ, ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಸುರುಳಿ ಹಿಡಿದು, ಎದ್ದುನಿಂತು ಮೊಳೆಗೆ ಹಾಕಬೇಕು. ದಾರ ಕೂತಿದೆಯೆಂದು ಖಾತ್ರಿಯಾದ ಮೇಲೆಯೇ ಎರಡೂ ಕೈಗಳಿಂದ ಕೆಳಗಿನ ದುಂಡುಕೋಲಿನ ತುದಿಗಳನ್ನು ಹಿಡಿದು ನಿಧಾನವಾಗಿ ಇಳಿಸುತ್ತ ಬರಬೇಕು. ಕೈಬಿಟ್ಟರೆ ಕೋಲಿನ ಭಾರವೆಲ್ಲ ಒಮ್ಮೆಲೇ ಜಗ್ಗಿ ಮೇಲಿನ ಪಟ್ಟಿಯ ಬಳಿ ಕಾಗದ ಹರಿಯುತ್ತದೆ.

ಸುತ್ತುವುದು ಇದೇ ಕ್ರಮದ ತಿರುವುಮುರುವು, ಕೆಳಗಿನಿಂದ ಮೇಲಕ್ಕೆ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಸುತ್ತುತ್ತ ಹೋದಂತೆ ಅಂಚು ಒಂದು ಬದಿಗೆ ಸರಿಯುತ್ತದೆ. ಆಗ ಸುರುಳಿಯ ತುದಿಯನ್ನು ಅಂಗೈಯಿಂದ ತಟ್ಟಿ ಸಮ ಮಾಡುತ್ತಾರೆ, ಇಲ್ಲವೇ ಸಡಿಲವಾಯಿತೆಂದು ತಿರುಚಿ ಬಿಗಿಗೊಳಿಸುತ್ತಾರೆ. ಒಳಗೆ ಚಿತ್ರದ ಮುಖದ ಮೇಲೆ ಒರಟು ಬೆನ್ನು ಉಜ್ಜುವುದು ಕಣ್ಣಿಗೆ ಕಾಣುವುದಿಲ್ಲ, ಬಣ್ಣ ಹೋಗುತ್ತದೆ. ಅಂಚು ಸರಿದರೆ ಸರಿದಷ್ಟು ಬಿಚ್ಚಿ ಮತ್ತೆ ಸುತ್ತುವುದೊಂದೇ ದಾರಿ. ತೀರ ಬಿಗಿಯಾದರೆ ಅಡ್ಡ ಮಡಿಕೆ ಬೀಳುತ್ತದೆ. ಹಾಗೆ ಮುರಿದ ಕಡೆ ಬೆನ್ನಿಗೆ ಸಣ್ಣ ಕಾಗದದ ಪಟ್ಟಿ ಅಂಟಿಸುವುದು ನುರಿತ ಹ್ಯೋಗು ಕುಶಲಕರ್ಮಿಯ, ಅಂದರೆ ಚಿತ್ರಕ್ಕೆ ಬೆನ್ನುಕಾಗದ ಅಂಟಿಸಿ ಸುರುಳಿ ಕಟ್ಟುವವರ ಕೆಲಸ, ಮನೆಯವರದ್ದಲ್ಲ. ದಪ್ಪ ಬಣ್ಣದ ಚಿತ್ರಗಳಿಗೆ ದುಂಡುಕೋಲಿನ ಮೇಲೆ ಫುತೊಮಾಕಿ ಎಂಬ ಟೊಳ್ಳು ಮರದ ಕವಚ ತೊಡಿಸಿದರೆ ಸುತ್ತು ಅಗಲವಾಗಿ ಬಣ್ಣಕ್ಕೆ ಬಾಗು ಕಡಿಮೆಯಾಗುತ್ತದೆ. ಖರ್ಚಿಗೆ ಸಾರ್ಥಕವಾದ ಉಪಾಯ ಇದಕ್ಕಿಂತ ಇನ್ನೊಂದಿಲ್ಲ.

ಜೂನ್‌, ಜುಲೈ ಮಳೆಗಾಲದಲ್ಲಿ ಪೆಟ್ಟಿಗೆ ತೆರೆಯದಿರುವುದೇ ಲೇಸು. ಶರತ್ಕಾಲದ ಒಣ ಹವೆಯಲ್ಲಿ, ಎರಡು ಮೂರು ದಿನ ಬಿಸಿಲು ಬಿದ್ದ ಮೇಲೆ, ನೆರಳಲ್ಲಿ ಗಾಳಿಗೆ ತೂಗುವ ಪದ್ಧತಿಗೆ ಮುಶಿಬೋಶಿ ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಕರ್ಪೂರವನ್ನೂ ನ್ಯಾಫ್ತಲೀನ್ ಗುಳಿಗೆಯನ್ನೂ ಒಟ್ಟಿಗೆ ಇಡಬಾರದು. ಎರಡೂ ಬೆರೆತು ಕರಗಿ ಕಲೆ ಮಾಡುತ್ತವೆ.

ಇನ್ನು ನೋಡುವ ಬಗೆ. ತೊಕೊನೊಮಾದ ಒಳಗೆ ಕಾಲಿಡಬಾರದು. ಒಂದು ಚಾಪೆಯಷ್ಟು ದೂರದಲ್ಲಿ ನೆಲದ ಮೇಲೆ ಕೂತು ನೋಡಬೇಕು, ಏಕೆಂದರೆ ತೂಗುವ ಎತ್ತರವೂ ಚಿತ್ರದೊಳಗಿನ ದಿಗಂತವೂ ಕೂತವರ ಕಣ್ಣಿಗೆ ಹೊಂದಿಕೊಂಡಿವೆ. ನಿಂತು ನೋಡಿದರೆ ಬೆಟ್ಟದ ಚಿತ್ರ ಚಪ್ಪಟೆಯಾಗುತ್ತದೆ. ಮಡಿಕೆ ಪರದೆಯ, ಅಂದರೆ ಬ್ಯೋಬುವಿನ, ಚಿತ್ರ ಬಲದಿಂದ ಎಡಕ್ಕೆ ಸಾಗುತ್ತದೆ; ಫಲಕಗಳು ಅಂಕುಡೊಂಕಾಗಿ ನಿಂತಾಗಲೇ ಮುಂದಿನ ಮರ ಮುಂದೆ ಬರುವುದು, ಹಿಂದಿನ ಮಂಜು ಹಿಂದೆ ಸರಿಯುವುದು. ಚಿತ್ರಕಾರ ಹಸೆಗಾವಾ ತೋಹಾಕುವಿನ ಪೈನ್ ಮರಗಳ ಜೋಡಿ ಪರದೆಯನ್ನು ಪುಸ್ತಕದಲ್ಲಿ ಮಾತ್ರ ನೋಡಿದವರಿಗೆ ಈ ಆಳ ಸಿಗುವುದಿಲ್ಲ. ಪರದೆ ಸಾಗಿಸುವಾಗ ಮಡಚಿ, ಇಬ್ಬರು ಅರಗಿನ ಚೌಕಟ್ಟನ್ನಷ್ಟೇ ಹಿಡಿಯಬೇಕು. ಕೀಲು ಕಾಗದದ್ದು, ಒಂದೇ ಫಲಕ ಹಿಡಿದೆಳೆದರೆ ಕಿತ್ತುಬರುತ್ತದೆ.

ಚಿನ್ನದ ತಗಡಿನ ಪರದೆಗೆ ಮೇಲಿನಿಂದ ದೀಪ ಬಿಟ್ಟರೆ ಅದು ಬರೀ ಹಳದಿ ಗೋಡೆ. ಕಾಗದದ ಬಾಗಿಲಿನಿಂದ ಪಕ್ಕಕ್ಕೆ ಹರಿದ ಬೆಳಕಿನಲ್ಲಿ, ತಗಡು ತಗಡಿನ ಮೇಲೆ ಕೂತ ಚೌಕದ ಗೆರೆಗಳು ಒಂದೊಂದಾಗಿ ಮೂಡುತ್ತವೆ, ಜಾಗ ಬದಲಿಸಿದಂತೆ ಹೊಳಪೂ ಸರಿಯುತ್ತದೆ. ಕ್ಯೋಟೋದ ಶಿಮಾಬಾರಾದಲ್ಲಿರುವ ಸುಮಿಯಾ ಎಂಬ ಹಳೆಯ ಔತಣಮನೆಯ ಕೋಣೆಗಳು ಮೋಂಬತ್ತಿಯ ಹೊಗೆಗೆ ಕಪ್ಪಿಟ್ಟಿವೆ. ಚಿತ್ರಕಾರ ಯೋಸಾ ಬುಸೊನ್‌ನ ಪರದೆಯಂಥ ಚಿತ್ರಗಳನ್ನು ಜನ ನೋಡುತ್ತಿದ್ದುದು ಅಂಥ ಬೆಳಕಿನಲ್ಲೇ. ಅದೇ ಊರಿನ ನಿಜೋ ಕೋಟೆಯ ನಿನೊಮಾರು ಅರಮನೆಯಲ್ಲಿ ಕಾನೊ ಎಂಬ ಚಿತ್ರಕಾರರ ಪಂಥದ ಗೋಡೆಚಿತ್ರಗಳ ಪ್ರತಿಗಳನ್ನು ಬರೆಸುವ ಕೆಲಸ 1972ರಲ್ಲಿ ಶುರುವಾಯಿತು. ಮೂಲಚಿತ್ರಗಳನ್ನು ಕೋಟೆಯ ಆವರಣದ ಚಿತ್ರಶಾಲೆಯಲ್ಲಿ ಸರದಿಯ ಮೇಲೆ ತೋರಿಸುತ್ತಾರೆ. ಪ್ರತಿ ಎಂದು ಮೂಗು ಮುರಿಯುವ ಮುನ್ನ ಕೋಣೆಯ ಅಳತೆಯಲ್ಲಿ ಪ್ರತಿಯನ್ನೂ ಚಿತ್ರಶಾಲೆಯಲ್ಲಿ ಮೂಲವನ್ನೂ ನೋಡಿಬರಬಹುದು.

ಆದ್ದರಿಂದ ಪತ್ರಿಕೆಯಲ್ಲಿ ನಮ್ಮದೊಂದು ಕೋರಿಕೆ. ಇಂಥ ಮನೆಗಳ ಬಗ್ಗೆ ಲೇಖನ ಪ್ರಕಟಿಸುವಾಗ ಆ ಋತುವಿನಲ್ಲಿ ಯಾವ ಚಿತ್ರ ಹೊರಗಿರುತ್ತದೆ, ಅದು ಮೂಲವೋ ಪ್ರತಿಯೋ ಎಂಬುದನ್ನು ಲೇಖಕರಿಂದ ಕೇಳಿ ತಿಳಿಸಿ. ಫ್ಲಾಷ್ ಹಾಕಿ ತೆಗೆದ ಫೋಟೋಗಳನ್ನು ದಯವಿಟ್ಟು ಅಚ್ಚು ಹಾಕಬೇಡಿ. ನೋಡಿದವರು ಅದನ್ನೇ ಮಾದರಿ ಎಂದುಕೊಳ್ಳುತ್ತಾರೆ.

ಇಂತಿ,
ಚಿತ್ರಸಂರಕ್ಷಣೆಯಲ್ಲಿ ತೊಡಗಿರುವ ಓದುಗರು