ಕೋರ್ಟಿಗೆ ಹೋಗಿ ಬಂದೆ ಅಪ್ಪ, ಹೆದರಬೇಡಿ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
ಭಾನುವಾರ ರಾತ್ರಿ

ಅಪ್ಪ, ಅಮ್ಮನಿಗೆ ನಮಸ್ಕಾರಗಳು. ನಾವು ಮೂವರೂ ಚೆನ್ನಾಗಿದ್ದೇವೆ. ಅಣ್ಣ ಅತ್ತಿಗೆ ಮಕ್ಕಳು ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ.

ಅತ್ತಿಗೆ ಕಳಿಸಿದ ಮೆಸೇಜ್ ಓದಿದ ಮೇಲೆ ನನಗೆ ಎರಡು ರಾತ್ರಿ ನಿದ್ದೆ ಬಂದಿಲ್ಲ. ಅಪ್ಪನಿಗೆ ಬಿಪಿ 170 ಬಂದಿದೆಯಂತೆ. ಮೂರು ದಿನದಿಂದ ರಾತ್ರಿ ಊಟಕ್ಕೆ ಏಳುತ್ತಿಲ್ಲವಂತೆ. ಜಗಲಿಯಲ್ಲಿ ಕೂತು "ಕೊನೆಗೆ ಅವನೂ ಕೋರ್ಟಿನ ಮೆಟ್ಟಿಲು ಹತ್ತಿದ" ಅಂತ ಅದೊಂದೇ ಮಾತು ಹೇಳುತ್ತೀರಂತೆ. ಫೋನಿನಲ್ಲಿ ಹೇಳೋಣ ಅಂದರೆ ನೀವು ಅರ್ಧ ಕೇಳಿ ಅಮ್ಮನ ಕೈಗೆ ಕೊಡುತ್ತೀರಿ. ಅದಕ್ಕೇ ಎಲ್ಲವನ್ನೂ ಕೂತು ಬರೆಯುತ್ತಿದ್ದೇನೆ. ಅಣ್ಣನ ಕೈಲಿ ಪ್ರಿಂಟ್ ತೆಗೆಸಿ ಓದಿಸಿಕೊಳ್ಳಿ. ಓದುವ ಮೊದಲು ಬಿಪಿ ಮಾತ್ರೆ ತೆಗೆದುಕೊಳ್ಳಿ.

ಮೊದಲು ಮುಖ್ಯವಾದ ಮಾತು. ಜೋರಾಗಿ ಗಾಡಿ ಓಡಿಸಿದ್ದಕ್ಕೆ ಬಿದ್ದ ದಂಡದ ವಿಷಯ ಅದು, ಮುಗಿದು ಹೋಯಿತು ಅಪ್ಪ. ನನ್ನ ಮೇಲೆ ಯಾವ ಕೇಸೂ ಇಲ್ಲ. ಜೈಲೂ ಇಲ್ಲ, ಲಾಯರೂ ಇಲ್ಲ, ಮತ್ತೆ ಹೋಗುವ ವಾಯಿದೆಯೂ ಇಲ್ಲ.

ಚಿಕ್ಕಪ್ಪ ಗ್ರೂಪಿನಲ್ಲಿ ಹಾಕಿದ ಆ ದಂಡದ ಕಾಗದದ ಫೋಟೋ ನಿಮ್ಮನ್ನು ಹೆದರಿಸಿದ್ದು ಅಂತ ನನಗೆ ಗೊತ್ತಾಗಿದೆ. ಅವರಿಗೆ ಏನೋ ಸಲಹೆ ಕೇಳೋಕೆ ನಾನೇ ಆ ಕಾಗದ ಕಳಿಸಿದ್ದೆ. ಅದರಲ್ಲಿ 'ಬೇಲ್' ಅನ್ನುವ ಪದ ಇತ್ತು, ಅಲ್ವಾ? ಅದನ್ನು ನೋಡಿ ಅಣ್ಣನೂ ಗಾಬರಿಯಾದನಂತೆ. ಇಲ್ಲಿ ಟ್ರಾಫಿಕ್ ಕಾಗದದಲ್ಲಿ ಬೇಲ್ ಅಂದರೆ ಜಾಮೀನು ಕೊಟ್ಟು ಬಿಡಿಸಿಕೊಳ್ಳುವುದು ಅಲ್ಲ. ದಂಡದ ಮೊತ್ತಕ್ಕೇ ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಕರೆಯುತ್ತಾರೆ. ನನ್ನನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಪೊಲೀಸರು ಬಿಟ್ಟ ಹತ್ತು ನಿಮಿಷಕ್ಕೆ ನಾನು ಮನೆಯಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದೆ.

ನಡೆದದ್ದು ಇಷ್ಟು. ಹಿಂದೊಂದು ಶನಿವಾರ ನಾವು ಲಿವರ್‌ಮೋರಿನ ಶಿವ ವಿಷ್ಣು ದೇವಸ್ಥಾನಕ್ಕೆ ಹೋಗಿದ್ದೆವು. ನೀವಿಬ್ಬರೂ ಬಂದಾಗ ಕರೆದುಕೊಂಡು ಹೋಗಿದ್ದೆನಲ್ಲ, ಅದೇ. ವಾಪಸ್ ಬರುವಾಗ ಪುಟ್ಟಿ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದ್ದಳು. 680 ಹೈವೇಯಲ್ಲಿ ಸುನೋಲ್ ಗುಡ್ಡ ಹತ್ತಿ ಫ್ರೀಮಾಂಟ್ ಕಡೆ ಇಳಿಯುವಾಗ ಗಾಡಿ ತಾನಾಗಿ ಓಡುತ್ತದೆ. ಅಲ್ಲಿ ಮಿತಿ ಗಂಟೆಗೆ 65 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 105 ಕಿಲೋಮೀಟರ್. ನಾನು 78ರಲ್ಲಿ ಇದ್ದೆ. ನೋಡಲಿಲ್ಲ. ಅಕ್ಕಪಕ್ಕದವರೆಲ್ಲ ಅದೇ ವೇಗದಲ್ಲಿದ್ದರು, ಆದರೆ ಅದು ನೆಪ. ಮಗು ಹಿಂದೆ ಮಲಗಿರುವಾಗ ನಾನು ಮೀಟರ್ ನೋಡಬೇಕಿತ್ತು.

ಕನ್ನಡಿಯಲ್ಲಿ ಕೆಂಪು ನೀಲಿ ದೀಪ ಕಂಡಿತು. ಬಲಕ್ಕೆ ಬಂದು ರಸ್ತೆ ಬದಿಯಲ್ಲಿ ನಿಲ್ಲಿಸಿದೆ. ಇಲ್ಲಿ ಒಂದು ಮಾತು ಹೇಳಬೇಕು, ಅಣ್ಣ ಬಂದಾಗ ನೆನಪಿರಲಿ. ನಮ್ಮ ಊರಲ್ಲಿ ಪೊಲೀಸರು ಕೈ ತೋರಿಸಿದರೆ ನಾವು ಇಳಿದು ಅವರ ಹತ್ತಿರ ಹೋಗಿ ಮಾತಾಡುತ್ತೇವೆ. ಇಲ್ಲಿ ಗಾಡಿಯಿಂದ ಇಳಿಯಲೇಬಾರದು. ಎರಡೂ ಕೈ ಸ್ಟೇರಿಂಗ್ ಮೇಲೆ ಕಾಣುವ ಹಾಗೆ ಇಟ್ಟು ಸುಮ್ನೆ ಕೂರಬೇಕು. ಲೈಸೆನ್ಸ್ ತೆಗೆಯೋಕೂ ಮೊದಲು ಹೇಳಿ ಆಮೇಲೆ ಕೈ ಹಾಕಬೇಕು. ಪೊಲೀಸರು ಎಡಗಡೆ ಸೀಟಿನಲ್ಲಿ ಇರುವ ನನ್ನ ಕಡೆಗೆ ಬರದೆ, ಗಾಡಿಗಳು ಓಡದ ಬಲಗಡೆ ಕಿಟಕಿಗೆ ಬಂದರು. ಲೈಸೆನ್ಸ್, ಗಾಡಿಯ ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕೇಳಿದರು. ಒಂದು ಸಲವೂ ದನಿ ಏರಿಸಲಿಲ್ಲ. 'ಸರ್' ಅಂತಲೇ ಕರೆದರು. ಪುಟ್ಟಿ ಎಚ್ಚರವಾಗಿ ಅವರಿಗೆ ಕೈ ಬೀಸಿದಳು, ಅವರೂ ಬೀಸಿದರು.

ಆಮೇಲೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಇಲ್ಲಿ ಅದಕ್ಕೆ ಟಿಕೆಟ್ ಅನ್ನುತ್ತಾರೆ. "ಸಹಿ ಯಾಕೆ ಹಾಕಿದೆ? ಓದದೆ ಸಹಿ ಹಾಕಬೇಡ ಅಂತ ಎಷ್ಟು ಸಲ ಹೇಳಿದ್ದೆ?" ಅಂತ ನೀವು ಕೇಳಿದ್ದೀರಿ. ಓದಿದೆ ಅಪ್ಪ. ಆ ಸಹಿ ತಪ್ಪು ಒಪ್ಪಿದ್ದಕ್ಕೆ ಅಲ್ಲ. ಅದರಲ್ಲೇ ಬರೆದಿರುತ್ತಾರೆ: ತಪ್ಪು ಒಪ್ಪಿಕೊಳ್ಳದೆಯೇ, ಇಂಥ ದಿನದೊಳಗೆ ಕೋರ್ಟಿಗೆ ಉತ್ತರ ಕೊಡುತ್ತೇನೆ ಅಂತ ಕೊಡುವ ಮಾತು ಅದು. ಹಾಕಲ್ಲ ಅಂದಿದ್ದರೆ ಆಗ ನಿಜವಾಗಿ ಹಿಡಿದುಕೊಂಡು ಹೋಗುತ್ತಿದ್ದರು.

ಈಗ ಕೋರ್ಟಿನ ವಿಷಯ. ನಿಮಗೆ ಕೋರ್ಟ್ ಅಂದರೆ ತೋಟದ ಬದುವಿನ ಕೇಸೇ ಕಣ್ಣ ಮುಂದೆ ಬರುತ್ತದೆ ಅಂತ ನನಗೆ ಗೊತ್ತು. ಹದಿನೇಳು ವರ್ಷ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಶುರುವಾಗಿ ಇಂಜಿನಿಯರಿಂಗ್ ಮುಗಿದ ಮೇಲೆ ಮುಗಿಯಿತು. ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದಿರಿ. ಸಂಜೆ ಬಂದು "ಮುಂದಿನ ತಿಂಗಳಿಗೆ ಹಾಕಿದರು" ಅಂತ ಹೇಳಿ ಅಂಗಿ ಕಳಚುತ್ತಿದ್ದಿರಿ. ಅಮ್ಮ ಏನೂ ಕೇಳುತ್ತಿರಲಿಲ್ಲ, ನೀರು ಕೊಡುತ್ತಿದ್ದಳು. ಅದೆಲ್ಲ ನೋಡಿಕೊಂಡೇ ಬೆಳೆದವನು ನಾನು. ನಿಮ್ಮ ಭಯ ಸುಳ್ಳು ಅಂತ ನಾನು ಹೇಳಲ್ಲ. ಆದರೆ ಇದು ಆ ಥರದ್ದು ಅಲ್ಲವೇ ಅಲ್ಲ.

ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳಿವೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಪ್ರತಿ ಕೌಂಟಿಗೂ ಒಂದು ಸುಪೀರಿಯರ್ ಕೋರ್ಟ್ ಇದೆ. ಕೊಲೆ ಕೇಸೂ ಅಲ್ಲೇ, ವಿಚ್ಛೇದನವೂ ಅಲ್ಲೇ, ನನ್ನ ಥರದ ಟ್ರಾಫಿಕ್ ಟಿಕೆಟ್ಟೂ ಅಲ್ಲೇ. ಅದಕ್ಕೇ ಕೋರ್ಟ್ ಅಂತ ಬರೋದು. ನನ್ನದು ಇಲ್ಲಿನ ಕಾನೂನಿನಲ್ಲಿ 'ಇನ್‌ಫ್ರಾಕ್ಷನ್', ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಅದಕ್ಕೆ ಜೈಲು ಶಿಕ್ಷೆಯೇ ಇಲ್ಲ. ದಂಡ ಅಷ್ಟೇ.

ನಿಜ ಹೇಳಬೇಕು ಅಂದರೆ ನಾನು ಕೋರ್ಟಿಗೆ ಹೋಗುವ ಅಗತ್ಯವೂ ಇರಲಿಲ್ಲ. ಸಾಮಾನ್ಯವಾಗಿ ಕೆಲವು ವಾರದಲ್ಲಿ ಕೋರ್ಟಿನಿಂದ ಒಂದು ನೋಟೀಸ್ ಮನೆಗೆ ಬರುತ್ತದೆ. ಎಷ್ಟು ಕಟ್ಟಬೇಕು, ಏನೇನು ದಾರಿ ಇದೆ ಅಂತ ಅದರಲ್ಲೇ ಇರುತ್ತದೆ. ಮನೆಯಲ್ಲೇ ಕಂಪ್ಯೂಟರಿನಲ್ಲಿ ಕಟ್ಟಿ ಮುಗಿಸಬಹುದು. ಆದರೆ ನಾವು ಏಪ್ರಿಲಿನಲ್ಲಿ ಮನೆ ಬದಲಿಸಿದೆವಲ್ಲ, ನಾನು ಲೈಸೆನ್ಸಿನ ವಿಳಾಸ ಬದಲಿಸಿರಲಿಲ್ಲ. 10 ದಿನದೊಳಗೆ ತಿಳಿಸಬೇಕು ಅಂತ ಇಲ್ಲಿ ನಿಯಮ. ನೋಟೀಸ್ ಹಳೇ ಮನೆಗೆ ಹೋಯಿತು. ಟಿಕೆಟ್ಟಿನಲ್ಲಿದ್ದ ತಾರೀಖು ಹತ್ತಿರ ಬಂದಾಗ ನನಗೆ ಎದೆ ಹೊಡೆದುಕೊಂಡಿತು. ಆ ತಾರೀಖು ತಪ್ಪಿಸಿದರೆ ಅದೇ ಬೇರೆ ಅಪರಾಧ ಆಗುತ್ತದೆ, ಜೊತೆಗೆ 100 ಡಾಲರ್‌ವರೆಗೆ ಜಾಸ್ತಿ ಹಾಕಬಹುದು. ಅದಕ್ಕೇ ಆಫೀಸಿಗೆ ರಜೆ ಹಾಕಿ ಖುದ್ದಾಗಿ ಹೋದೆ. ವಿಳಾಸವನ್ನೂ ಅದೇ ದಿನ ಬದಲಿಸಿದೆ.

ಒಳಗೆ ಹೋಗುವಾಗ ವಿಮಾನ ನಿಲ್ದಾಣದ ಹಾಗೆ ಬೆಲ್ಟು, ಫೋನು, ಕೀಲಿ ಎಲ್ಲ ತಟ್ಟೆಯಲ್ಲಿ ಹಾಕಬೇಕು. ಹೊರಗೆ ಮರದ ಕೆಳಗೆ ಟೈಪ್ ಹೊಡೆಯುವವರು ಇಲ್ಲ. ಕರಿ ಕೋಟಿನವರು ಯಾರೂ ನಮ್ಮ ಹಿಂದೆ ಬರಲಿಲ್ಲ. ಗೋಡೆಯ ಮೇಲಿನ ಪಟ್ಟಿಯಲ್ಲಿ ನನ್ನ ಹೆಸರು, ರೂಮಿನ ನಂಬರ್. ಒಳಗೆ ಸುಮಾರು ಮೂವತ್ತು ಜನ ಬೆಂಚಿನ ಮೇಲೆ. ಪೇಂಟಿನ ಕಲೆ ಇರುವ ಪ್ಯಾಂಟಿನಲ್ಲೇ ಕೆಲಸದಿಂದ ಬಂದವರೊಬ್ಬರು, ಕಾಲೇಜು ಹುಡುಗಿ, ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡ ತಾಯಿ. ನನ್ನ ಪಕ್ಕದಲ್ಲಿ ಒಬ್ಬರು ಪಂಜಾಬಿ ಅಜ್ಜ, ನೀಲಿ ಪೇಟ, ನಿಮ್ಮಷ್ಟೇ ವಯಸ್ಸು. ಕೈಯಲ್ಲಿ ಟಿಕೆಟ್ ನಡುಗುತ್ತಿತ್ತು. ಅವರನ್ನು ನೋಡಿ ನೀವೇ ನೆನಪಾದಿರಿ.

ಜಡ್ಜ್ ಬಂದು ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳಿದರು. ಆಮೇಲೆ ನಮ್ಮೆಲ್ಲರಿಗೂ ಒಟ್ಟಿಗೆ ನಮ್ಮ ಹಕ್ಕುಗಳನ್ನು ವಿವರಿಸಿದರು. ತಪ್ಪಿಲ್ಲ ಅನ್ನಬಹುದು, ಆಗ ವಿಚಾರಣೆಗೆ ಬೇರೆ ದಿನ ಕೊಡುತ್ತಾರೆ, ಟಿಕೆಟ್ ಕೊಟ್ಟ ಅಧಿಕಾರಿ ಬಂದು ಹೇಳಬೇಕು, ನಾವು ಅವರನ್ನು ಪ್ರಶ್ನೆ ಕೇಳಬಹುದು. ಬೇಕಾದರೆ ನಮ್ಮ ಖರ್ಚಿನಲ್ಲಿ ಲಾಯರ್ ಇಟ್ಟುಕೊಳ್ಳಬಹುದು. ದಂಡ ಒಟ್ಟಿಗೆ ಕಟ್ಟಲಾಗದವರು ಕಂತು ಕೇಳಬಹುದು, ಕಡಿಮೆ ಮಾಡಿ ಅಂತಲೂ ಕೇಳಬಹುದು. ಇಂಗ್ಲಿಷ್ ಬಾರದವರಿಗೆ ದುಡ್ಡಿಲ್ಲದೆ ದುಭಾಷಿ ಕೊಡುತ್ತಾರೆ. ಆ ಅಜ್ಜನಿಗೆ ಪಂಜಾಬಿಯಲ್ಲಿ ಒಬ್ಬರು ಪ್ರತಿ ಮಾತನ್ನೂ ಹೇಳಿದರು. ಜಡ್ಜ್ ಅವಸರ ಮಾಡಲಿಲ್ಲ, ಅಜ್ಜ ಮಾತು ಮುಗಿಸುವವರೆಗೂ ಕಾದರು. ಅಜ್ಜ ಕೈ ಮುಗಿದು ಹೊರಗೆ ಹೋದರು. ನನ್ನ ಕಣ್ಣು ಒದ್ದೆಯಾಯಿತು.

ನನ್ನ ಸರದಿ ಎರಡು ನಿಮಿಷ. ಏನು ಹೇಳುತ್ತೀರಿ ಅಂತ ಕೇಳಿದರು. 'ನೋ ಕಾಂಟೆಸ್ಟ್' ಅಂದೆ. ಅಂದರೆ ವಾದ ಮಾಡಲ್ಲ, ದಂಡ ಕಟ್ಟುತ್ತೇನೆ ಅಂತ. ಚಿಕ್ಕಪ್ಪ ಇದನ್ನೇ "ಅಪರಾಧ ಒಪ್ಪಿಕೊಂಡ" ಅಂತ ನಿಮಗೆ ಹೇಳಿದ್ದು. ಅವರ ಮೇಲೆ ಕೋಪ ಬೇಡ, ಅವರೂ ನನ್ನ ಮೇಲಿನ ಪ್ರೀತಿಗೆ ಹೇಳಿದ್ದು. ಬಿಡಬಾರದಿತ್ತು, ಹೋರಾಡಬೇಕಿತ್ತು ಅಂತ ಅವರ ಅಭಿಪ್ರಾಯ. ಇಲ್ಲಿ ಮನೆಯಿಂದಲೇ ಬರೆದು ವಾದ ಮಾಡುವ ದಾರಿಯೂ ಇದೆ. ದಂಡದ ಮೊತ್ತ ಮೊದಲೇ ಕಟ್ಟಿ, ನಮ್ಮ ಹೇಳಿಕೆ ಬರೆದು ಕಳಿಸಬೇಕು. ಅಧಿಕಾರಿಯೂ ಬರೆದು ಕೊಡಬೇಕು. ಜಡ್ಜ್ ಎರಡನ್ನೂ ಓದಿ ತೀರ್ಮಾನಿಸುತ್ತಾರೆ. ಸೋತರೆ 20 ದಿನದೊಳಗೆ ಹೊಸದಾಗಿ ವಿಚಾರಣೆ ಕೇಳಬಹುದು. ಒಳ್ಳೆಯ ವ್ಯವಸ್ಥೆ. ಆದರೆ ನಾನು 78ರಲ್ಲಿ ಹೋಗಿದ್ದು ನಿಜ. ಹೋಗಿಲ್ಲ ಅಂತ ಬರೆದು ಸಹಿ ಹಾಕೋಕೆ ನನ್ನ ಕೈಲಿ ಆಗಲಿಲ್ಲ ಅಪ್ಪ. ಆ ಬದುವಿನ ಕೇಸಿನಲ್ಲಿ ಸುಳ್ಳು ಸಾಕ್ಷಿ ಹೇಳಿಸೋಣ ಅಂತ ಊರವರು ಬಂದಾಗ ನೀವು ಅವರನ್ನು ಕಾಫಿ ಕೊಟ್ಟು ಕಳಿಸಿದ್ದು ನನಗೆ ನೆನಪಿದೆ.

ದುಡ್ಡಿನ ಲೆಕ್ಕ ಕೇಳಿದ್ದೀರಿ. ಮೂಲ ದಂಡ ಬರೀ 35 ಡಾಲರ್. ಅದರ ಮೇಲೆ ಪ್ರತಿ 10 ಡಾಲರಿಗೆ ರಾಜ್ಯದ್ದು 10, ಕೌಂಟಿಯದು 7, ಆಮೇಲೆ ಕೋರ್ಟ್ ನಡೆಸುವ ಖರ್ಚು 40, ಇನ್ನೊಂದು 35, ಹೀಗೆ ಸೇರಿಸಿ ಸೇರಿಸಿ 230 ದಾಟುತ್ತದೆ. ಇಲ್ಲಿಯವರಿಗೂ ಇದು ಆಶ್ಚರ್ಯವೇ. ಅದಕ್ಕೆ ಟ್ರಾಫಿಕ್ ಸ್ಕೂಲ್, ಅಂದರೆ ಗಾಡಿ ಓಡಿಸುವ ನಿಯಮಗಳ ಪಾಠದ ಖರ್ಚು ಸೇರಿ 300ರ ಮೇಲಾಯಿತು. ರೂಪಾಯಿಗೆ ತಿರುಗಿಸಿದರೆ 25 ಸಾವಿರಕ್ಕೂ ಜಾಸ್ತಿ. ದಯವಿಟ್ಟು ತಿರುಗಿಸಬೇಡಿ. ಕೊಬ್ಬರಿ ರೇಟಿನ ಜೊತೆ ಹೋಲಿಸಲೂ ಬೇಡಿ. ಇಲ್ಲಿ ಎಲ್ಲರಿಗೂ ಅರ್ಧ ದಂಡ ಅನ್ನುವ ಯೋಜನೆ ಇಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಅಣ್ಣ ಹಳೇ ಚಲನ್ ಎಲ್ಲ ಅರ್ಧಕ್ಕೆ ಕಟ್ಟಿ ಖುಷಿಪಟ್ಟಿದ್ದನಲ್ಲ, ಅವನಿಗೆ ಹೇಳಿ.

ಟ್ರಾಫಿಕ್ ಸ್ಕೂಲ್ ಯಾಕೆ ಅಂದರೆ, ಇಂಥ ಟಿಕೆಟ್ಟಿಗೆ ಲೈಸೆನ್ಸ್ ಮೇಲೆ ತಪ್ಪಿನ ಗುರುತಾಗಿ ಒಂದು ಪಾಯಿಂಟ್ ಬೀಳುತ್ತದೆ. ಅದು ಮೂರು ವರ್ಷ ಇರುತ್ತದೆ, ಇನ್ಶೂರೆನ್ಸ್ ಏರುತ್ತದೆ. ಒಂದೇ ವರ್ಷದಲ್ಲಿ ನಾಲ್ಕು ಪಾಯಿಂಟ್ ಆದರೆ ಲೈಸೆನ್ಸೇ ಹೋಗಬಹುದು. ಸ್ಕೂಲ್ ಮುಗಿಸಿದರೆ ಆ ಪಾಯಿಂಟ್ ಇನ್ಶೂರೆನ್ಸಿನವರ ಕಣ್ಣಿಗೆ ಬೀಳುವುದಿಲ್ಲ. 18 ತಿಂಗಳಿಗೆ ಒಂದು ಸಲ ಮಾತ್ರ ಈ ಅವಕಾಶ. ಪುಟ್ಟಿ ಮಲಗಿದ ಮೇಲೆ ನಾಲ್ಕು ರಾತ್ರಿ ಕೂತು ಓದಿದೆ, ಪರೀಕ್ಷೆ ಬರೆದೆ, ಪಾಸಾದೆ. ಮುಂದಿನ ಗಾಡಿಗೂ ನಮಗೂ ಮೂರು ಸೆಕೆಂಡ್ ಅಂತರ ಇರಬೇಕು ಅನ್ನುವುದನ್ನು ಈಗ ನಿಜವಾಗಿಯೂ ಎಣಿಸಿಕೊಂಡು ಓಡಿಸುತ್ತಿದ್ದೇನೆ. ನಿಮ್ಮ ಸೊಸೆ ಪಕ್ಕದಲ್ಲಿ ಕೂತು ಜೋರಾಗಿ ಎಣಿಸುತ್ತಾಳೆ.

ವೀಸಾಕ್ಕೆ ಏನೂ ಆಗಲ್ಲ. ಆಫೀಸಿನ ವೀಸಾ ನೋಡಿಕೊಳ್ಳುವ ಲಾಯರಿಗೆ ಕಾಗದ ತೋರಿಸಿದೆ, ಚಿಂತೆ ಬೇಡ ಅಂದರು. ಕುಡಿದು ಓಡಿಸಿದ್ದರೆ ವೀಸಾಕ್ಕೇ ಕುತ್ತು ಬರಬಹುದಿತ್ತು. ನಾನು ಆ ಕಡೆ ಹೋಗುವವನಲ್ಲ ಅಂತ ನಿಮಗೇ ಗೊತ್ತು. ಕೆಲಸಕ್ಕೂ ಏನೂ ಇಲ್ಲ, ಮನೆ ಬಾಡಿಗೆಗೂ ಏನೂ ಇಲ್ಲ. ಏನೇನೂ ಇಲ್ಲ.

ಇನ್ನು ಅಪ್ಪನ ಆರೋಗ್ಯದ ಮಾತು. ಮಾತ್ರೆ ಅರ್ಧ ಮಾಡಿ ನುಂಗುತ್ತೀರಂತೆ, ದುಡ್ಡು ಉಳಿಸಿ ನನ್ನ ಕೇಸಿಗೆ ಕಳಿಸೋಕೆ ಅಂತ ಅತ್ತಿಗೆ ಹತ್ತಿರ ಹೇಳಿದಿರಂತೆ. ಅದನ್ನು ಓದಿ ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಹಾಗೆ ಮಾಡಬೇಡಿ ಅಪ್ಪ. ಪೂರ್ತಿ ಮಾತ್ರೆ, ದಿನಾ ಬೆಳಿಗ್ಗೆ. ಉಪ್ಪಿನಕಾಯಿ ಬೇಡ. ಸೋಮವಾರ ಅಣ್ಣ ಪೇಟೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಲಿ, ಬಿಪಿ ಎಷ್ಟು ಬಂತು ಅಂತ ಫೋಟೋ ತೆಗೆದು ನನಗೆ ಕಳಿಸಲಿ. 140ರ ಕೆಳಗೆ ಬರುವವರೆಗೂ ನಾನು ದಿನಾ ಕೇಳುತ್ತೇನೆ.

ಅಮ್ಮ, ಮಂಜುನಾಥನಿಗೆ ಮುಡಿಪು ಕಟ್ಟಿದ್ದೀಯಂತೆ. ಹಾಗೇ ಇರಲಿ, ಬಿಚ್ಚಬೇಡ. ಡಿಸೆಂಬರಿನಲ್ಲಿ ನಾವು ಬಂದಾಗ ಎಲ್ಲರೂ ಧರ್ಮಸ್ಥಳಕ್ಕೆ ಹೋಗಿ ಒಪ್ಪಿಸಿ ಬರೋಣ. ಘಾಟಿಯಲ್ಲಿ ಗಾಡಿ ಅಣ್ಣನೇ ಓಡಿಸಲಿ.

ಗಂಟೆ ಹನ್ನೆರಡಾಯಿತು, ಬೆಳಿಗ್ಗೆ ಬೇಗ ಮೀಟಿಂಗ್ ಇದೆ. ಪುಟ್ಟಿ ಬಿಡಿಸಿದ ಚಿತ್ರ ಜೊತೆಗೆ ಕಳಿಸುತ್ತಿದ್ದೇನೆ, ಅದರಲ್ಲಿ ಟೊಪ್ಪಿ ಹಾಕಿರುವವರು ಪೊಲೀಸ್ ಮಾಮ. ಉಳಿದದ್ದು ಫೋನಿನಲ್ಲಿ. ಇವತ್ತು ರಾತ್ರಿ ಊಟ ಮಾಡಿ ಅಪ್ಪ.

ಇಂತಿ ನಿಮ್ಮ ಮಗ