ನಷ್ಟವೆಂಬ ಒಂದೇ ಮಾತಿಗೆ ಮುಗಿಯದ ರೈಲುಮಾರ್ಗದ ಕಥೆ

ಮಾನ್ಯರೇ,

ಮುಚ್ಚಿಹೋದ ಗ್ರಾಮೀಣ ಕವಲು ರೈಲುಮಾರ್ಗಗಳ ಇತಿಹಾಸ ಬರೆಯುವವರು ಹಳಿ ಹಾಕಿದ ವರ್ಷ, ಎಂಜಿನ್ನುಗಳ ಹೆಸರು, ಕೊನೆಯ ರೈಲು ಓಡಿದ ದಿನ ಎಲ್ಲವನ್ನೂ ಶ್ರದ್ಧೆಯಿಂದ ದಾಖಲಿಸುತ್ತಾರೆ. ಆದರೆ ಮುಚ್ಚಿದ್ದೇಕೆ ಎಂಬ ಪ್ರಶ್ನೆ ಬಂದೊಡನೆ ‘ನಷ್ಟವಾಗುತ್ತಿತ್ತು’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತಾರೆ. ಆ ನಷ್ಟ ಹುಟ್ಟಿದ್ದು ಎಲ್ಲಿ, ಅದನ್ನು ಲೆಕ್ಕ ಹಾಕಿದ್ದು ಹೇಗೆ ಎಂಬುದೂ ಇತಿಹಾಸಕ್ಕೆ ಸೇರಿದ್ದೇ ಅಲ್ಲವೇ?

ಇಂಗ್ಲೆಂಡಿನ ಡೆವನ್ ಕೌಂಟಿಯ ಲಿಂಟನ್–ಬಾರ್ನ್‌ಸ್ಟೇಪಲ್ ಮಾರ್ಗವನ್ನೇ ನೋಡಬಹುದು. 1898ರ ಮೇ ತಿಂಗಳಲ್ಲಿ ಆರಂಭವಾದ, ಸುಮಾರು 31 ಕಿ.ಮೀ. ಉದ್ದದ ಈ ಮಾರ್ಗದ ಹಳಿಗಳ ನಡುವಿನ ಅಂತರ ಎರಡು ಅಡಿಗೂ ಅರ್ಧ ಅಂಗುಲ ಕಡಿಮೆ. ಕಿರಿದಾದ ಹಳಿಯನ್ನು ಗುಡ್ಡದ ಏರಿಳಿತಕ್ಕೆ ತಕ್ಕಂತೆ ತಿರುಗಿಸಿ ಒಯ್ಯಬಹುದು, ಅಗೆತವೂ ಕಡಿಮೆಯಾಗುತ್ತದೆ ಎಂಬುದು ಲೆಕ್ಕಾಚಾರವಾಗಿತ್ತು. ಆದರೂ ನಿರ್ಮಾಣದ ಖರ್ಚು ಅಂದಾಜನ್ನು ಮೀರಿತು. ಅಲ್ಲಿ ಉಳಿಸಲು ಹೊರಟಿದ್ದಕ್ಕೆ ಮುಂದೆ ದಿನವೂ ತೆರಬೇಕಾಯಿತು: ಮುಖ್ಯಮಾರ್ಗದ ವ್ಯಾಗನ್ನುಗಳು ಈ ಹಳಿಯ ಮೇಲೆ ಬರುವಂತಿರಲಿಲ್ಲವಾದ್ದರಿಂದ ಬಾರ್ನ್‌ಸ್ಟೇಪಲ್‌ನಲ್ಲಿ ಪ್ರತಿಯೊಂದು ಸರಕನ್ನೂ ಇಳಿಸಿ ಮತ್ತೆ ಹೇರಬೇಕಿತ್ತು. ಪ್ರಯಾಣಕ್ಕೆ ಸುಮಾರು ಒಂದೂವರೆ ತಾಸು ಹಿಡಿಯುತ್ತಿತ್ತು. ಅಷ್ಟಾಗಿ ಲಿಂಟನ್ ನಿಲ್ದಾಣವಿದ್ದದ್ದು ಊರಿನೊಳಗಲ್ಲ, ಊರಿಗಿಂತ ಮೇಲೆ, ಗುಡ್ಡದಲ್ಲಿ. ರಸ್ತೆಗಳು ಸುಧಾರಿಸಿ ಬಸ್ಸು, ಕಾರುಗಳು ನೇರವಾಗಿ ಊರೊಳಕ್ಕೇ ಬರತೊಡಗಿದ ಮೇಲೆ ಜನ ಗುಡ್ಡ ಹತ್ತಿಯಾರೆಂದು ನಿರೀಕ್ಷಿಸುವಂತಿರಲಿಲ್ಲ. 1923ರಲ್ಲಿ ಮಾರ್ಗವನ್ನು ವಹಿಸಿಕೊಂಡ ಬ್ರಿಟನ್ನಿನ ಸದರ್ನ್ ರೈಲ್ವೆ ಕಂಪನಿ ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. 1925ರಲ್ಲಿ ‘ಲ್ಯೂ’ ಎಂಬ ಹೊಸ ಎಂಜಿನ್ನನ್ನೇ ತರಿಸಿತು. ಆದರೂ 1935ರ ಸೆಪ್ಟೆಂಬರ್ 29ರಂದು ಕೊನೆಯ ರೈಲು ಓಡಿತು. ಹರಾಜಿನ ನಂತರ ಹಳಿ ಕೀಳುವ ಕೆಲಸಕ್ಕೆ ಬಳಸಿದ್ದು ಅದೇ ‘ಲ್ಯೂ’ವನ್ನು, ಬಳಿಕ ಅದನ್ನು ಹಡಗಿನಲ್ಲಿ ಬ್ರೆಜಿಲ್‌ಗೆ ಸಾಗಿಸಲಾಯಿತು.

ಇಲ್ಲಿ ದೋಷ ಹುಟ್ಟಿನಲ್ಲೇ ಇತ್ತು. ಎಲ್ಲ ಮಾರ್ಗಗಳಿಗೂ ಈ ಮಾತು ಒಪ್ಪುವುದಿಲ್ಲ. 1963ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ, ಅಲ್ಲಿನ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಅವರ ವರದಿ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಲು ಸೂಚಿಸಿತು. ರೈಲುಜಾಲದ ಮೂರನೇ ಒಂದು ಭಾಗ ಒಟ್ಟು ಪ್ರಯಾಣದ ಶೇ. 1ರಷ್ಟನ್ನು ಮಾತ್ರ ಹೊರುತ್ತಿದೆ ಎಂಬ ಅದರ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಸಂಚಾರವನ್ನು ಎಣಿಸಿದ್ದು 1961ರ ಏಪ್ರಿಲ್ ತಿಂಗಳ ಒಂದೇ ಒಂದು ವಾರದಲ್ಲಿ. ಬೇಸಿಗೆಯ ರಜೆಯಲ್ಲಿ ಮಾತ್ರ ತುಂಬಿ ತುಳುಕುವ ಕಡಲತೀರದ ಕವಲುಗಳು ಏಪ್ರಿಲ್‌ನಲ್ಲಿ ಖಾಲಿ ಕಂಡದ್ದರಲ್ಲಿ ಆಶ್ಚರ್ಯವೇನು? ಸಾಲದ್ದಕ್ಕೆ, ನಿಲ್ದಾಣದ ಆದಾಯವೆಂದರೆ ಅಲ್ಲಿ ಮಾರಾಟವಾದ ಟಿಕೆಟ್ಟಿನ ಹಣ. ದೂರದ ನಗರದಲ್ಲಿ ಹೋಗಿಬರುವ ಟಿಕೆಟ್ ಕೊಂಡು ಬಂದಿಳಿದವರ ಹಣ ಆ ನಗರದ ಖಾತೆಗೇ ಜಮೆಯಾಗುತ್ತಿತ್ತು.

ಮಾರ್ಗ ಮುಚ್ಚಿದ ನಂತರದ ಅಧ್ಯಾಯವೂ ಇಂಥ ಬರಹಗಳಲ್ಲಿ ಬರಬೇಕು. ಲಿಂಟನ್ ಮಾರ್ಗದ ಚೆಲ್‌ಫಮ್‌ ಕಣಿವೆಯಲ್ಲಿ ಎಂಟು ಕಮಾನುಗಳ ಸೇತುವೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಆದರೆ ಹಳಿಯಿದ್ದ ನೆಲ ಮಾರಾಟವಾಗಿ ಹಲವರ ಪಾಲಾಯಿತು. 2004ರಲ್ಲಿ ಆಸಕ್ತರು ವುಡಿ ಬೇ ನಿಲ್ದಾಣದಿಂದ ಮತ್ತೆ ರೈಲು ಓಡಿಸಿದಾಗ ಅವರಿಗೆ ದಕ್ಕಿದ್ದು ಬಲು ಚಿಕ್ಕದೊಂದು ತುಂಡು ಮಾತ್ರ.

ಇಂತಿ,
ಓರ್ವ ಓದುಗ